ಜೇನಿಗೆ ಲಸಿಕೆ, ಸೊಳ್ಳೆಯೊಳಗೆ ಬ್ಯಾಕ್ಟೀರಿಯಾ: ಕೀಟಗಳ ರೋಗನಿರೋಧಕ್ಕೆ ಕಡಿವಾಣ ಹೇಗೆ ಬೀಳುತ್ತದೆ?

2023ರ ಜನವರಿಯಲ್ಲಿ ಅಮೆರಿಕದ ಕೃಷಿ ಇಲಾಖೆ ಜೇನುನೊಣಗಳ ಲಸಿಕೆಯೊಂದಕ್ಕೆ ಷರತ್ತಿನ ಪರವಾನಗಿ ನೀಡಿತು. ಅದಕ್ಕೂ ಕೆಲವು ತಿಂಗಳ ಹಿಂದೆ, 2022ರಲ್ಲಿ, ಪುದುಚೇರಿಯಲ್ಲಿರುವ ಐಸಿಎಂಆರ್‌ನ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರವು ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾವನ್ನು ಮೈಯೊಳಗೆ ಹೊತ್ತ ಈಡಿಸ್ ಈಜಿಪ್ಟೈ ಸೊಳ್ಳೆಗಳನ್ನು ಸಿದ್ಧಪಡಿಸಿರುವುದಾಗಿ ತಿಳಿಸಿತ್ತು. ಡೆಂಗಿ ಹರಡುವ ಸೊಳ್ಳೆಯಿಂದಲೇ ಡೆಂಗಿಯನ್ನು ತಗ್ಗಿಸುವುದು ಅದರ ಉದ್ದೇಶ. ಮಳೆಗಾಲದಲ್ಲಿ ಜ್ವರದ ಪ್ರಕರಣಗಳು ಏರಿದಾಗಲೆಲ್ಲ ಈ ಸೊಳ್ಳೆಗಳ ಮಾತು ಮತ್ತೆ ಮುನ್ನೆಲೆಗೆ ಬರುತ್ತದೆ.

ಎರಡೂ ಸುದ್ದಿಗಳು ಓದುಗರನ್ನು ಗೊಂದಲಕ್ಕೆ ಕೆಡವುತ್ತವೆ, ಅದಕ್ಕೆ ಕಾರಣವೂ ಇದೆ. ಲಸಿಕೆ ಎಂದರೆ ದೇಹದಲ್ಲಿ ಪ್ರತಿಕಾಯಗಳು ಹುಟ್ಟುವಂತೆ ಮಾಡುವುದು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಕೀಟಗಳಲ್ಲಿ ಪ್ರತಿಕಾಯಗಳೇ ಇಲ್ಲ, ಅವನ್ನು ತಯಾರಿಸುವ ಬಿಳಿ ರಕ್ತಕಣಗಳೂ ಇಲ್ಲ. ಹಾಗಾದರೆ ಜೇನುನೊಣಕ್ಕೆ ಲಸಿಕೆ ಕೆಲಸ ಮಾಡುವುದು ಹೇಗೆ? ಇನ್ನೊಂದು ಕಡೆ, ಬ್ಯಾಕ್ಟೀರಿಯಾವನ್ನು ಕಂಡರೆ ಕೊಲ್ಲುವುದೇ ರೋಗನಿರೋಧ ವ್ಯವಸ್ಥೆಯ ಕೆಲಸವಾದರೆ, ಸೊಳ್ಳೆಯ ಜೀವಕೋಶಗಳ ಒಳಗೇ ವೊಲ್ಬಾಕಿಯಾ ತಲೆಮಾರಿನಿಂದ ತಲೆಮಾರಿಗೆ ನೆಮ್ಮದಿಯಾಗಿ ಉಳಿಯುವುದು ಹೇಗೆ?

ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಸಿಗುತ್ತದೆ. ಕೀಟದ ರೋಗನಿರೋಧ ವ್ಯವಸ್ಥೆ ಎಷ್ಟು ಬಲವಾಗಿದೆ ಎಂಬುದು ಅರ್ಧ ಕಥೆ ಮಾತ್ರ. ಅದು ಎಲ್ಲಿ ಎಚ್ಚರಗೊಳ್ಳಬೇಕು, ಎಲ್ಲಿ ಸುಮ್ಮನಿರಬೇಕು, ಎಚ್ಚರಗೊಂಡ ಮೇಲೆ ಯಾವಾಗ ನಿಲ್ಲಬೇಕು ಎಂಬ ನಿಯಂತ್ರಣವೇ ಕೀಟದ ಅಳಿವು ಉಳಿವನ್ನು ತೀರ್ಮಾನಿಸುತ್ತದೆ. ಸುದ್ದಿಗಳಲ್ಲಿ ಬಿಟ್ಟುಹೋಗುವುದು ಈ ಭಾಗವೇ.

ಬ್ಯಾಕ್ಟೀರಿಯಾ ಬಂದಿದೆ ಎಂದು ತಿಳಿಯುವುದು ಹೇಗೆ

ಈ ವಿಷಯದಲ್ಲಿ ನಮಗಿರುವ ತಿಳಿವಳಿಕೆಯ ಬಹುಭಾಗ ಬಂದಿರುವುದು ಕೊಳೆತ ಬಾಳೆಹಣ್ಣಿನ ಸುತ್ತ ಹಾರಾಡುವ ಡ್ರೊಸೊಫಿಲಾ ಎಂಬ ಪುಟ್ಟ ಹಣ್ಣಿನ ನೊಣದಿಂದ. 1996ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಬ್ರೂನೋ ಲೆಮೆತ್ರ್, ಯೂಲ್ ಹಾಫ್‌ಮನ್ ಮತ್ತು ಸಂಗಡಿಗರು ಟೋಲ್ ಎಂಬ ಜೀನ್ ಕೆಟ್ಟ ನೊಣಗಳು ಶಿಲೀಂಧ್ರ ಸೋಂಕಿಗೆ ಸುಲಭವಾಗಿ ಬಲಿಯಾಗುತ್ತವೆ ಎಂದು ತೋರಿಸಿದರು. ಅದೇ ಗುಂಪು ಅದಕ್ಕೆ ಮುಂಚೆಯೇ ಐಎಂಡಿ ಎಂಬ ಇನ್ನೊಂದು ಜೀನನ್ನು ಗುರುತಿಸಿತ್ತು. ಅದು ಕೆಟ್ಟರೆ ನೊಣಗಳು ಬ್ಯಾಕ್ಟೀರಿಯಾ ಸೋಂಕಿಗೆ ಸೋಲುತ್ತವೆ. ಹಾಫ್‌ಮನ್ ಅವರಿಗೆ 2011ರ ನೊಬೆಲ್ ಪ್ರಶಸ್ತಿಯ ಪಾಲು ದೊರೆತದ್ದು ಈ ಸಾಲಿನ ಕೆಲಸಕ್ಕಾಗಿ.

ಈ ಜೀನುಗಳ ಹೆಸರನ್ನೇ ಹೊತ್ತ ಟೋಲ್ ಮತ್ತು ಐಎಂಡಿ ಎರಡು ಸಂಕೇತ ಮಾರ್ಗಗಳು, ಅಂದರೆ ರೋಗಾಣುವಿನ ಸುಳಿವನ್ನು ಜೀವಕೋಶದ ಕೇಂದ್ರಕ್ಕೆ ಮುಟ್ಟಿಸುವ ಪ್ರೋಟೀನುಗಳ ಸರಪಳಿಗಳು. ಬ್ಯಾಕ್ಟೀರಿಯಾದ ಹೊರಗೋಡೆಯಲ್ಲಿ ಪೆಪ್ಟಿಡೋಗ್ಲೈಕನ್ ಎಂಬ ವಸ್ತು ಇರುತ್ತದೆ. ಪ್ರಾಣಿಗಳ ಜೀವಕೋಶಗಳಲ್ಲಿ ಅದು ಇಲ್ಲ. ಹಾಗಾಗಿ ಅದು ಕಂಡಿತೆಂದರೆ ಬ್ಯಾಕ್ಟೀರಿಯಾ ಇದೆ ಎಂದೇ ಅರ್ಥ. ಅದನ್ನು ಗುರುತಿಸುವ ಪ್ರೋಟೀನನ್ನು 1996ರಲ್ಲಿ ಜಪಾನಿನ ಸಂಶೋಧಕರು ಮೊದಲು ಬೇರ್ಪಡಿಸಿದ್ದು ರೇಷ್ಮೆ ಹುಳುವಿನ ರಕ್ತದಿಂದ. ನಂತರ ಅದೇ ಕುಟುಂಬದ ಪ್ರೋಟೀನುಗಳು ನೊಣ, ಸೊಳ್ಳೆ, ಜೇನು, ಮನುಷ್ಯ ಎಲ್ಲರಲ್ಲೂ ಸಿಕ್ಕವು. ಪೆಪ್ಟಿಡೋಗ್ಲೈಕನ್ನಿನಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾ ಮತ್ತು ಬ್ಯಾಸಿಲಸ್ ಕುಲದವುಗಳಲ್ಲಿ ಇರುವ ಬಗೆ ನೊಣದಲ್ಲಿ ಐಎಂಡಿ ಮಾರ್ಗವನ್ನು ಎಬ್ಬಿಸುತ್ತದೆ; ಸ್ಟ್ಯಾಫಿಲೊಕಾಕಸ್‌ನಂಥವುಗಳಲ್ಲಿ ಇರುವ ಬಗೆ ಟೋಲ್ ಮಾರ್ಗವನ್ನು ಎಬ್ಬಿಸುತ್ತದೆ.

ಸಂಕೇತ ಜೀವಕೋಶದ ಕೇಂದ್ರ ತಲುಪಿದಾಗ ಕೀಟದ ಕೊಬ್ಬಿನ ಅಂಗಾಂಶ ಬ್ಯಾಕ್ಟೀರಿಯಾನಾಶಕ ಪೆಪ್ಟೈಡುಗಳನ್ನು ರಕ್ತಕ್ಕೆ ಸುರಿಸುತ್ತದೆ. ಇವು ಕೆಲವೇ ಹತ್ತು ಅಮೈನೋ ಆಮ್ಲಗಳ ಚಿಕ್ಕ ಅಣುಗಳು. ಸ್ವೀಡನ್ನಿನ ಹಾನ್ಸ್ ಬೊಮನ್ ಅವರ ತಂಡ 1980ರ ದಶಕದ ಆರಂಭದಲ್ಲಿ ಸಿಕ್ರೋಪಿಯಾ ಪತಂಗದಿಂದ ಇಂಥ ಪೆಪ್ಟೈಡನ್ನು ಬೇರ್ಪಡಿಸಿ ಸಿಕ್ರೋಪಿನ್ ಎಂದು ಹೆಸರಿಟ್ಟಿತು. ಎಲ್ಲ ಪೆಪ್ಟೈಡುಗಳೂ ಎಲ್ಲ ಬ್ಯಾಕ್ಟೀರಿಯಾಗಳನ್ನು ಒಂದೇ ಸಮನೆ ಕೊಲ್ಲುತ್ತವೆ ಎಂಬ ನಂಬಿಕೆ ಬಹುಕಾಲ ಇತ್ತು. 2019ರಲ್ಲಿ ನೊಣದ ಪೆಪ್ಟೈಡು ಜೀನುಗಳನ್ನು ಒಂದೊಂದಾಗಿಯೂ ಒಟ್ಟಾಗಿಯೂ ತೆಗೆದುಹಾಕಿ ನೋಡಿದಾಗ ಆ ನಂಬಿಕೆ ಅಲುಗಾಡಿತು: ಪ್ರಾವಿಡೆನ್ಸಿಯಾ ರೆಟ್‌ಗೆರಿ ಎಂಬ ಬ್ಯಾಕ್ಟೀರಿಯಾದಿಂದ ಉಳಿಯಲು ಮುಖ್ಯವಾಗಿ ಬೇಕಾದದ್ದು ಡಿಪ್ಟೆರಿಸಿನ್ ಎಂಬ ಪೆಪ್ಟೈಡು ಒಂದೇ, ಎಂಟರೊಬ್ಯಾಕ್ಟರ್ ಕ್ಲೊಯಾಕೆ ಎಂಬ ಬ್ಯಾಕ್ಟೀರಿಯಾದ ಎದುರು ನಿಲ್ಲಲು ಡ್ರೊಸೊಸಿನ್ ಎಂಬ ಪೆಪ್ಟೈಡು ಬೇಕು.

ಸದಾ ಎಚ್ಚರವಾಗಿದ್ದರೆ ಆಗುವ ಕೇಡು

ಇಷ್ಟನ್ನು ಓದಿದವರಿಗೆ, ಈ ಪೆಪ್ಟೈಡುಗಳನ್ನು ಯಾವಾಗಲೂ ತಯಾರಿಸುತ್ತಲೇ ಇದ್ದರೆ ಕೀಟಕ್ಕೆ ರೋಗವೇ ಬಾರದಲ್ಲ ಎನಿಸಬಹುದು. ಹಾಗಾಗುವುದಿಲ್ಲ. ಏಕೆ ಎಂಬುದನ್ನು ದಕ್ಷಿಣ ಕೊರಿಯಾದ ವನ್-ಜೇ ಲೀ ಅವರ ತಂಡ 2008ರಲ್ಲಿ ಪ್ರಕಟಿಸಿದ ಪ್ರಯೋಗ ಅತ್ಯಂತ ಸ್ಪಷ್ಟವಾಗಿ ತೋರಿಸುತ್ತದೆ. ಅದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು.

ನೊಣದ ಕರುಳಿನಲ್ಲಿ ಸದಾಕಾಲ ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳಿಂದಲೂ ಪೆಪ್ಟಿಡೋಗ್ಲೈಕನ್ ಹೊರಬೀಳುತ್ತದೆ, ಐಎಂಡಿ ಮಾರ್ಗ ಸ್ವಲ್ಪ ಮಟ್ಟಿಗೆ ಎಚ್ಚರಗೊಂಡೇ ಇರುತ್ತದೆ. ಆದರೂ ಕರುಳಿನಲ್ಲಿ ಬ್ಯಾಕ್ಟೀರಿಯಾನಾಶಕ ಪೆಪ್ಟೈಡುಗಳು ಹೆಚ್ಚಾಗಿ ತಯಾರಾಗುವುದಿಲ್ಲ. ಕಾರಣ, ಕಾಡಲ್ ಎಂಬ ಪ್ರೋಟೀನು ಆ ಜೀನುಗಳ ಮೇಲೆ ಕುಳಿತು ಅವು ಚಾಲೂ ಆಗದಂತೆ ತಡೆಯುತ್ತದೆ. ಸಂಶೋಧಕರು ಕರುಳಿನಲ್ಲಿ ಕಾಡಲ್ ಪ್ರಮಾಣವನ್ನು ತಗ್ಗಿಸಿದರು. ನಿರೀಕ್ಷೆಯಂತೆ ಪೆಪ್ಟೈಡುಗಳು ಏರಿದವು. ಆದರೆ ಅವುಗಳಿಂದ ಸತ್ತದ್ದು ಕರುಳಿನಲ್ಲಿ ಬಹುಸಂಖ್ಯೆಯಲ್ಲಿದ್ದ, ಅಸಿಟೊಬ್ಯಾಕ್ಟರೇಸಿ ಕುಟುಂಬದ ಒಂದು ನಿರುಪದ್ರವಿ ಬ್ಯಾಕ್ಟೀರಿಯಾ. ಅದುವರೆಗೆ ಬೆರಳೆಣಿಕೆಯಷ್ಟಿದ್ದ ಗ್ಲುಕೊನೊಬ್ಯಾಕ್ಟರಿನ ಒಂದು ತಳಿ ಪೆಪ್ಟೈಡುಗಳನ್ನು ತಾಳಿಕೊಳ್ಳಬಲ್ಲದಾಗಿದ್ದರಿಂದ ಖಾಲಿಯಾದ ಜಾಗವನ್ನೆಲ್ಲ ಆಕ್ರಮಿಸಿತು. ಅದು ಹೆಚ್ಚಿದಂತೆ ಕರುಳಿನ ಜೀವಕೋಶಗಳು ಸಾಯತೊಡಗಿದವು, ನೊಣಗಳು ಅಕಾಲದಲ್ಲಿ ಸತ್ತವು. ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾವೂ ಇಲ್ಲದಂತೆ ಬೆಳೆಸಿದ ಅಂಥವೇ ನೊಣಗಳಲ್ಲಿ ಈ ಹಾನಿ ಕಾಣಲಿಲ್ಲ. ಅಂದರೆ ನೊಣವನ್ನು ಕೊಂದದ್ದು ನೇರವಾಗಿ ಪೆಪ್ಟೈಡುಗಳಲ್ಲ. ಕಡಿವಾಣ ತಪ್ಪಿದ ರೋಗನಿರೋಧ ವ್ಯವಸ್ಥೆ ಒಳ್ಳೆಯ ನೆರೆಯವರನ್ನು ಓಡಿಸಿ ಕೆಟ್ಟ ನೆರೆಯವರಿಗೆ ಬಾಗಿಲು ತೆರೆದದ್ದು.

ಒಂದರ ಮೇಲೊಂದು ತಡೆ

ಕಾಡಲ್ ಒಂದೇ ಅಲ್ಲ. ಐಎಂಡಿ ಮಾರ್ಗದ ಪ್ರತಿ ಹಂತದಲ್ಲೂ ತಡೆಗಳಿವೆ. ಪಿಜಿಆರ್‌ಪಿ-ಎಲ್‌ಬಿ ಎಂಬ ಕಿಣ್ವವು ಪೆಪ್ಟಿಡೋಗ್ಲೈಕನ್ನನ್ನು ಸಂಕೇತ ಕೊಡಲಾರದ ತುಣುಕುಗಳಾಗಿ ಕತ್ತರಿಸುತ್ತದೆ. ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ಎಂದಿನಷ್ಟೇ ಇದ್ದರೆ ಈ ಕಿಣ್ವ ಅವುಗಳ ಸುಳಿವನ್ನೆಲ್ಲ ಅಳಿಸಿಬಿಡುತ್ತದೆ. ಅವು ವೇಗವಾಗಿ ವೃದ್ಧಿಯಾದರೆ ಮಾತ್ರ ಕಿಣ್ವದ ಶಕ್ತಿ ಮೀರಿ ಸಂಕೇತ ಕೊಬ್ಬಿನ ಅಂಗಾಂಶದವರೆಗೆ ತಲುಪುತ್ತದೆ. ಪಿರ್ಕ್ ಎಂಬ ಇನ್ನೊಂದು ಪ್ರೋಟೀನು ಬ್ಯಾಕ್ಟೀರಿಯಾವನ್ನು ಗುರುತಿಸುವ ಗ್ರಾಹಕವನ್ನೇ ಜೀವಕೋಶದ ಮೇಲ್ಮೈಯಿಂದ ಸರಿಸುತ್ತದೆ. ಗಮನಿಸಬೇಕಾದದ್ದು ಏನೆಂದರೆ, ಈ ಕಿಣ್ವವನ್ನೂ ಪಿರ್ಕನ್ನೂ ತಯಾರಿಸುವಂತೆ ಆಜ್ಞೆ ಕೊಡುವುದು ಐಎಂಡಿ ಮಾರ್ಗವೇ. ದಾಳಿ ಶುರುವಾದ ಗಳಿಗೆಯಲ್ಲೇ ದಾಳಿಯನ್ನು ನಿಲ್ಲಿಸುವ ಸಾಮಗ್ರಿಯೂ ಸಿದ್ಧವಾಗತೊಡಗುತ್ತದೆ.

ಟೋಲ್ ಮಾರ್ಗದಲ್ಲಿ ಮತ್ತು ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಉಂಟಾಗುವ ಪ್ರಕ್ರಿಯೆಯಲ್ಲಿ ತಡೆಯ ಕೆಲಸವನ್ನು ಸರ್ಪಿನ್ ಎಂಬ ಪ್ರೋಟೀನುಗಳು ಮಾಡುತ್ತವೆ. ರೇಷ್ಮೆ ಹುಳುವಿನ ರಕ್ತವನ್ನು ತೆಗೆದು ಗಾಳಿಗೆ ಬಿಟ್ಟರೆ ಕೆಲ ಹೊತ್ತಿನಲ್ಲೇ ಅದು ಕಪ್ಪಾಗುತ್ತದೆ. ಗಾಯವನ್ನು ಮುಚ್ಚಲು, ಒಳನುಗ್ಗಿದ್ದನ್ನು ಸುತ್ತುವರಿದು ಕೊಲ್ಲಲು ಕೀಟಗಳು ಬಳಸುವ ಪ್ರಕ್ರಿಯೆ ಇದು. ಆದರೆ ಈ ಹಾದಿಯಲ್ಲಿ ಹುಟ್ಟುವ ರಾಸಾಯನಿಕಗಳು ಕೀಟದ ಜೀವಕೋಶಗಳಿಗೂ ವಿಷ. ನೊಣದಲ್ಲಿ ನೆಕ್ರೋಟಿಕ್ ಎಂಬ ಸರ್ಪಿನ್ ಇಲ್ಲದಿದ್ದರೆ ಸೋಂಕೇ ಇಲ್ಲದೆ ಟೋಲ್ ಮಾರ್ಗ ನಿರಂತರ ನಡೆದು, ಮೈಮೇಲೆ ಕಪ್ಪು ಕಲೆಗಳೆದ್ದು ನೊಣ ಬೇಗ ಸಾಯುತ್ತದೆ. ಮಲೇರಿಯಾ ಹರಡುವ ಅನಾಫಿಲಿಸ್ ಗ್ಯಾಂಬಿಯೆ ಸೊಳ್ಳೆಯಲ್ಲಿ ಎಸ್‌ಆರ್‌ಪಿಎನ್-2 ಎಂಬ ಸರ್ಪಿನ್ನನ್ನು ತಗ್ಗಿಸಿದಾಗಲೂ ಮೆಲನಿನ್ ಗಡ್ಡೆಗಳು ಹುಟ್ಟಿ ಆಯಸ್ಸು ಕುಗ್ಗಿತು.

ಇನ್ನು ಕರುಳು ತನ್ನ ಮಿತ್ರರನ್ನೂ ಶತ್ರುಗಳನ್ನೂ ಬೇರ್ಪಡಿಸಿ ನೋಡುವುದು ಹೇಗೆ? ಇಬ್ಬರಲ್ಲೂ ಪೆಪ್ಟಿಡೋಗ್ಲೈಕನ್ ಇದೆಯಲ್ಲ! ಕೊರಿಯಾದ ಅದೇ ತಂಡ 2013ರಲ್ಲಿ ಒಂದು ಉತ್ತರವನ್ನು ಕಂಡುಕೊಂಡಿತು: ರೋಗ ತರುವ ಕೆಲವು ಬ್ಯಾಕ್ಟೀರಿಯಾಗಳು ಯುರಾಸಿಲ್ ಎಂಬ ಅಣುವನ್ನು ಹೊರಸೂಸುತ್ತವೆ, ಕರುಳಿನ ಕಾಯಂ ನಿವಾಸಿಗಳು ಸಾಮಾನ್ಯವಾಗಿ ಸೂಸುವುದಿಲ್ಲ. ಯುರಾಸಿಲ್ ಕಂಡಾಗ ಮಾತ್ರ ಕರುಳು ತೀಕ್ಷ್ಣ ಆಮ್ಲಜನಕ ಸಂಯುಕ್ತಗಳನ್ನು ಬಿಡುಗಡೆ ಮಾಡಿ ದಾಳಿಗೆ ಇಳಿಯುತ್ತದೆ.

ಕಡಿವಾಣಕ್ಕೆ ತಕ್ಕಂತೆ ಬದುಕು

ಈ ನಿಯಂತ್ರಣ ಎಲ್ಲ ಕೀಟಗಳಲ್ಲೂ ಒಂದೇ ತೆರನಾಗಿಲ್ಲ. ಪ್ರತಿ ಕೀಟವೂ ತನ್ನ ಜೀವನಕ್ರಮಕ್ಕೆ ತಕ್ಕಂತೆ ಅದನ್ನು ಹೊಂದಿಸಿಕೊಂಡಿದೆ. ಆಫ್ರಿಕಾದ ಟ್ಸೆಟ್ಸೆ ನೊಣ ರಕ್ತವನ್ನಷ್ಟೇ ಕುಡಿದು ಬದುಕುವುದರಿಂದ ಕೆಲವು ಬಿ ಜೀವಸತ್ವಗಳಿಗಾಗಿ ವಿಗಲ್ಸ್‌ವರ್ತಿಯಾ ಎಂಬ ಬ್ಯಾಕ್ಟೀರಿಯಾವನ್ನು ಸಾಕಿಕೊಂಡಿದೆ, ಪಿಜಿಆರ್‌ಪಿ-ಎಲ್‌ಬಿ ಕಿಣ್ವ ಅದನ್ನು ತನ್ನದೇ ನೊಣದ ದಾಳಿಯಿಂದ ಕಾಪಾಡುತ್ತದೆ. ಧಾನ್ಯದ ಡಬ್ಬಿಯಲ್ಲಿ ಕಾಣಸಿಗುವ ಸೊಂಡಿಲು ಹುಳುಗಳ ಕುಲದಲ್ಲಿ ಇದರ ಇನ್ನೊಂದು ರೂಪವಿದೆ: ಆ ಹುಳು ತನ್ನ ಸಹವಾಸಿ ಬ್ಯಾಕ್ಟೀರಿಯಾಗಳನ್ನು ನಿರ್ದಿಷ್ಟ ಜೀವಕೋಶಗಳಲ್ಲಿ ಇರಿಸಿಕೊಂಡು, ಒಂದು ಬ್ಯಾಕ್ಟೀರಿಯಾನಾಶಕ ಪೆಪ್ಟೈಡನ್ನು ಕೊಲ್ಲಲು ಬಳಸದೆ ಅವು ಹೊರಗೆ ಹರಡದಂತೆ ಕಟ್ಟಿಹಾಕಲು ಬಳಸುತ್ತದೆ. ಬಟಾಣಿ ಗಿಡದ ಹೇನು ಇನ್ನೂ ಮುಂದೆ ಹೋಗಿದೆ. 2010ರಲ್ಲಿ ಅದರ ಜೀನೋಮನ್ನು ಓದಿದಾಗ ಐಎಂಡಿ ಮಾರ್ಗದ ಮುಖ್ಯ ಜೀನುಗಳೇ ಕಾಣಲಿಲ್ಲ. ಬ್ಯಾಕ್ಟೀರಿಯಾಗಳಿಲ್ಲದೆ ಬದುಕಲಾರದ ಕೀಟ ಅದು.

ಜೇನುನೊಣದ ಜೀನೋಮ್ 2006ರಲ್ಲಿ ಪ್ರಕಟವಾದಾಗ ಅದರಲ್ಲಿರುವ ರೋಗನಿರೋಧದ ಜೀನುಗಳು ಹಣ್ಣಿನ ನೊಣದಲ್ಲಿರುವುದರ ಸುಮಾರು ಮೂರನೇ ಒಂದರಷ್ಟೇ ಎಂದು ತಿಳಿಯಿತು. ಸಾವಿರಾರು ನೊಣಗಳು ಒತ್ತೊತ್ತಾಗಿ ಬದುಕುವ ಗೂಡಿನಲ್ಲಿ ಇದು ವಿಚಿತ್ರವೆನಿಸುತ್ತದೆ. ಆದರೆ ರೋಗಗ್ರಸ್ತ ಮರಿಗಳನ್ನು ಹೊರಹಾಕುವುದು, ಮರದ ಅಂಟಿನಿಂದ ಗೂಡಿನ ಗೋಡೆ ಬಳಿಯುವುದು ಮುಂತಾಗಿ ಇಡೀ ಗೂಡು ಒಟ್ಟಾಗಿ ಮಾಡುವ ಕೆಲಸಗಳೂ ಅದರ ರೋಗನಿರೋಧದ ಭಾಗಗಳೇ.

ಜೇನಿನ ಲಸಿಕೆಯ ಬಗ್ಗೆ ಎರಡು ನಿಲುವುಗಳು

ಈಗ ಲಸಿಕೆಯ ಪ್ರಶ್ನೆಗೆ ಬರೋಣ. ಅಮೆರಿಕನ್ ಫೌಲ್‌ಬ್ರೂಡ್ ಎಂಬ ರೋಗವನ್ನು ಪೀನಿಬ್ಯಾಸಿಲಸ್ ಲಾರ್ವೆ ಎಂಬ ಬ್ಯಾಕ್ಟೀರಿಯಾ ತರುತ್ತದೆ. ಇದು ಜೇನಿನ ಮರಿಹುಳುಗಳನ್ನು ಕೊಳೆಯಿಸುತ್ತದೆ; ಇದರ ಬೀಜಾಣುಗಳು ಪೆಟ್ಟಿಗೆಯಲ್ಲಿ ದಶಕಗಳ ಕಾಲ ಉಳಿಯಬಲ್ಲವಾದ್ದರಿಂದ ರೋಗ ತಗುಲಿದ ಪೆಟ್ಟಿಗೆಗಳನ್ನು ಸುಡುವುದು ಹಲವು ದೇಶಗಳಲ್ಲಿ ರೂಢಿ. ಲಸಿಕೆಯಲ್ಲಿರುವುದು ಈ ಬ್ಯಾಕ್ಟೀರಿಯಾದ ಸತ್ತ ಜೀವಕೋಶಗಳು. ಅವನ್ನು ರಾಣಿ ಜೇನಿನ ಜೊತೆಗಿರುವ ಕೆಲಸಗಾರ ನೊಣಗಳ ಸಕ್ಕರೆ ಆಹಾರದಲ್ಲಿ ಬೆರೆಸುತ್ತಾರೆ. ಕೆಲಸಗಾರ ನೊಣಗಳು ರಾಣಿಗೆ ಉಣಿಸುವ ರಾಯಲ್ ಜೆಲ್ಲಿಯ ಮೂಲಕ ಅದು ರಾಣಿಯನ್ನು ತಲುಪುತ್ತದೆ. ಬ್ಯಾಕ್ಟೀರಿಯಾದ ತುಣುಕುಗಳಿಗೆ ವಿಟೆಲೊಜೆನಿನ್ ಎಂಬ ಮೊಟ್ಟೆಯ ಪ್ರೋಟೀನು ಅಂಟಿಕೊಂಡು ಅವನ್ನು ಅಂಡಾಶಯಕ್ಕೆ ಒಯ್ಯುತ್ತದೆ ಎಂದು 2015ರಲ್ಲಿ ತೋರಿಸಲಾಗಿತ್ತು. ಹೀಗೆ ಮರಿಹುಳು ಮೊಟ್ಟೆಯಲ್ಲಿರುವಾಗಲೇ ಅದರ ಸಹಜ ರೋಗನಿರೋಧ ವ್ಯವಸ್ಥೆಗೆ ಮುನ್ಸೂಚನೆ ಸಿಗುತ್ತದೆ. ಪ್ರತಿಕಾಯದ ಮಾತು ಇಲ್ಲಿ ಬರುವುದೇ ಇಲ್ಲ.

ಒಂದು ಪಕ್ಷದ ವಿಜ್ಞಾನಿಗಳು ಇದನ್ನು ನಿಜವಾದ ನೆನಪು ಎನ್ನುತ್ತಾರೆ. ಬಂಬಲ್ ಜೇನಿನ ಮೇಲೆ 2006ರಲ್ಲಿ, ಹಣ್ಣಿನ ನೊಣದ ಮೇಲೆ 2007ರಲ್ಲಿ ನಡೆದ ಪ್ರಯೋಗಗಳಲ್ಲಿ, ಒಮ್ಮೆ ಎದುರಿಸಿದ ಬ್ಯಾಕ್ಟೀರಿಯಾ ಮತ್ತೆ ಬಂದಾಗ ಕೀಟ ಹೆಚ್ಚು ಚೆನ್ನಾಗಿ ಉಳಿದುಕೊಂಡಿತು, ಬೇರೆ ಬ್ಯಾಕ್ಟೀರಿಯಾದ ಎದುರು ಆ ಲಾಭ ಅಷ್ಟಾಗಿ ಕಾಣಲಿಲ್ಲ. ಇನ್ನೊಂದು ಪಕ್ಷದ ಪ್ರಕಾರ, ಹಲವು ಪ್ರಯೋಗಗಳಲ್ಲಿ ನೆನಪಿನಂತೆ ಕಾಣುವುದು ಮೊದಲ ದಾಳಿಯಲ್ಲಿ ಹುಟ್ಟಿದ ಪೆಪ್ಟೈಡುಗಳು ಇನ್ನೂ ರಕ್ತದಲ್ಲಿ ಉಳಿದಿರುವುದರ ಫಲ. ಹಿಟ್ಟಿನ ಹುಳುವಿನಲ್ಲಿ ಸ್ಟ್ಯಾಫಿಲೊಕಾಕಸ್ ಸೋಂಕಿನ ಅಧ್ಯಯನವೊಂದು ಈ ವಾದಕ್ಕೆ ಪುಷ್ಟಿ ಕೊಡುತ್ತದೆ: ಬಹುಪಾಲು ಬ್ಯಾಕ್ಟೀರಿಯಾಗಳನ್ನು ರಕ್ತಕಣಗಳು ಮತ್ತು ಕಿಣ್ವಗಳು ಮೊದಲ ಗಂಟೆಯೊಳಗೇ ಮುಗಿಸಿರುತ್ತವೆ, ಪೆಪ್ಟೈಡುಗಳು ಆಮೇಲೆ ಬಂದು ಉಳಿದವುಗಳನ್ನು ಹದ್ದುಬಸ್ತಿನಲ್ಲಿಡುತ್ತ ಬಹಳ ದಿನ ಇರುತ್ತವೆ.

ನನ್ನ ಅಭಿಪ್ರಾಯದಲ್ಲಿ ನೆನಪು ಹೌದೋ ಅಲ್ಲವೋ ಎಂಬ ವಾದಕ್ಕಿಂತ ಅದರ ಬೆಲೆ ಏನು ಎಂಬ ಪ್ರಶ್ನೆ ಮುಖ್ಯ. ಬೆಲೆ ಇದೆ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. 2000ದಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಬಂಬಲ್ ಜೇನುಗಳಿಗೆ ಜೀವಂತ ರೋಗಾಣುವನ್ನಲ್ಲ, ಬ್ಯಾಕ್ಟೀರಿಯಾದ ಗೋಡೆಯ ಭಾಗವನ್ನೋ ಸೂಕ್ಷ್ಮ ಲೇಟೆಕ್ಸ್ ಮಣಿಗಳನ್ನೋ ಚುಚ್ಚಿ, ಆಹಾರವಿಲ್ಲದೆ ಇರಿಸಿದರು. ಯಾವ ರೋಗವೂ ಇಲ್ಲದೆ, ಕೇವಲ ರೋಗನಿರೋಧ ವ್ಯವಸ್ಥೆ ಎದ್ದಿದ್ದರಿಂದಲೇ ಅವು ಬೇಗ ಸತ್ತವು. ಹೊಟ್ಟೆ ತುಂಬ ಆಹಾರವಿದ್ದಾಗ ಈ ನಷ್ಟ ಕಾಣಲಿಲ್ಲ. ತಾಯಿಗೆ ಬ್ಯಾಕ್ಟೀರಿಯಾದ ಮುನ್ಸೂಚನೆ ಕೊಟ್ಟರೆ ಮಕ್ಕಳು ಕ್ರಿಥಿಡಿಯಾ ಎಂಬ ಪರಾವಲಂಬಿಗೆ ಹೆಚ್ಚು ಸುಲಭವಾಗಿ ತುತ್ತಾಗುತ್ತವೆ ಎಂದೂ ಅದೇ ಬಗೆಯ ಜೇನಿನಲ್ಲಿ ತಿಳಿದುಬಂದಿದೆ. ಹೂವುಗಳು ಸಾಕಷ್ಟು ಇರುವ ಕಾಲದಲ್ಲಿ ಪರೀಕ್ಷಿಸಿದ ಲಸಿಕೆ ಮಕರಂದ ಬತ್ತಿದ ತಿಂಗಳಲ್ಲೂ ಅಷ್ಟೇ ಲಾಭ ಕೊಡುತ್ತದೆ ಎಂದು ಭಾವಿಸಲು ಆಧಾರವಿಲ್ಲ.

ಸೊಳ್ಳೆಯಲ್ಲಿ ವೊಲ್ಬಾಕಿಯಾ ಮಾಡುವುದೇನು

ವೊಲ್ಬಾಕಿಯಾ ಅನೇಕ ಕೀಟಗಳಲ್ಲಿ ಸಹಜವಾಗಿದೆ, ಈಡಿಸ್ ಈಜಿಪ್ಟೈಯಲ್ಲಿ ಸಹಜವಾಗಿ ಇಲ್ಲ. ಹಣ್ಣಿನ ನೊಣದಿಂದ ತೆಗೆದ ತಳಿಯನ್ನು ಸೊಳ್ಳೆಗೆ ಸೇರಿಸಿದಾಗ ಡೆಂಗಿ ವೈರಸ್ ಅದರಲ್ಲಿ ಸರಿಯಾಗಿ ವೃದ್ಧಿಯಾಗಲಿಲ್ಲ. ಇಂಡೊನೇಷ್ಯಾದ ಯೋಗ್ಯಕರ್ತಾದಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥ ಸೊಳ್ಳೆಗಳನ್ನು ಬಿಟ್ಟ ಪ್ರದೇಶಗಳಲ್ಲಿ ಡೆಂಗಿ ಶೇ. 77ರಷ್ಟು ಕಡಿಮೆಯಾಯಿತು.

ಫಲ ಖಚಿತವಾಗಿದ್ದರೂ ಕಾರಣದ ಬಗ್ಗೆ ಭಿನ್ನಮತವಿದೆ. 2012ರ ಒಂದು ಅಧ್ಯಯನದ ಪ್ರಕಾರ ವೊಲ್ಬಾಕಿಯಾ ಸೊಳ್ಳೆಗೆ ಹೊಸದಾದ್ದರಿಂದ ಅದರ ಟೋಲ್ ಮಾರ್ಗವನ್ನು ಎಬ್ಬಿಸುತ್ತದೆ, ಆ ಎಚ್ಚರವೇ ವೈರಸ್ಸನ್ನು ತಡೆಯುತ್ತದೆ. ಆದರೆ ವೊಲ್ಬಾಕಿಯಾ ಸಹಜವಾಗಿರುವ ನೊಣದಲ್ಲಿ ರೋಗನಿರೋಧ ಮಾರ್ಗಗಳು ಹಾಗೆ ಏಳುವುದಿಲ್ಲ, ವೈರಸ್ ಮಾತ್ರ ಅಲ್ಲಿಯೂ ತಡೆಯಲ್ಪಡುತ್ತದೆ. ಆದ್ದರಿಂದ ಜೀವಕೋಶದೊಳಗಿನ ಕೊಲೆಸ್ಟರಾಲ್ ಮುಂತಾದ ಸಂಪನ್ಮೂಲಗಳಿಗಾಗಿ ವೊಲ್ಬಾಕಿಯಾ ವೈರಸ್ಸಿನೊಂದಿಗೆ ಪೈಪೋಟಿ ನಡೆಸುವುದೂ ಕಾರಣವೆಂದು ಹಲವರು ವಾದಿಸುತ್ತಾರೆ. ಈ ಭಿನ್ನಮತ ಪ್ರಯೋಗಾಲಯಕ್ಕಷ್ಟೇ ಸೀಮಿತವಲ್ಲ. ತಡೆಯುವ ಶಕ್ತಿ ಮುಖ್ಯವಾಗಿ ಸೊಳ್ಳೆಯ ಎಚ್ಚರದಿಂದ ಬಂದಿದ್ದರೆ, ಎಚ್ಚರದ ಖರ್ಚನ್ನು ತಗ್ಗಿಸುವ ಸೊಳ್ಳೆಗಳು ತಲೆಮಾರುಗಳ ಓಟದಲ್ಲಿ ಮುಂದೆ ಬಂದು ತಡೆ ದುರ್ಬಲವಾಗಬಹುದು. ಪೈಪೋಟಿಯಿಂದ ಬಂದಿದ್ದರೆ ಆ ಭಯ ಕಡಿಮೆ.

ಸೊಳ್ಳೆಯ ಕಡಿವಾಣವನ್ನೇ ಸಡಿಲಿಸುವ ಪ್ರಯತ್ನಗಳೂ ನಡೆದಿವೆ. ಭಾರತದ ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿಯಲ್ಲಿ ಐಎಂಡಿ ಮಾರ್ಗದ ಕೊನೆಯ ಪ್ರೋಟೀನು ರಕ್ತ ಕುಡಿದ ನಂತರ ಮಾತ್ರ ಹೆಚ್ಚಾಗಿ ಹುಟ್ಟುವಂತೆ ಮಾಡಿದ ತಳಿಗಳು 2011ರಲ್ಲಿ ವರದಿಯಾದವು. ಅವು ಮಲೇರಿಯಾ ಪರಾವಲಂಬಿಯನ್ನು ತಡೆದವು, ಪ್ರಯೋಗಾಲಯದಲ್ಲಿ ಹೆಚ್ಚು ನಷ್ಟವೂ ಕಾಣಲಿಲ್ಲ. ನಷ್ಟ ಕಡಿಮೆಯಾದದ್ದಕ್ಕೆ ಅವಧಿ ಮತ್ತು ಅಂಗ ಎರಡನ್ನೂ ಮಿತಿಗೊಳಿಸಿದ್ದೇ ಕಾರಣವೆಂದು ಕಾಣುತ್ತದೆ.

ನಮ್ಮ ಹೊಲ, ನಮ್ಮ ಹುಳುಮನೆ

ಕಡಿವಾಣವನ್ನು ಮನುಷ್ಯ ಅರಿಯದೆಯೇ ಎಳೆಯಬಹುದು ಎಂಬುದು ಇಲ್ಲಿನ ಕೃಷಿಗೆ ನೇರವಾಗಿ ಸಂಬಂಧಿಸಿದ ವಿಷಯ. 2013ರಲ್ಲಿ ಇಟಲಿಯ ಸಂಶೋಧಕರು ಕ್ಲೋಥಿಯಾನಿಡಿನ್ ಎಂಬ ನಿಯೊನಿಕೊಟಿನಾಯ್ಡ್ ಕೀಟನಾಶಕವು ಜೇನುನೊಣದಲ್ಲಿ ರೋಗನಿರೋಧವನ್ನು ತಡೆಯುವ ಒಂದು ಪ್ರೋಟೀನನ್ನು ಹೆಚ್ಚಿಸುತ್ತದೆ, ಅದರಿಂದ ರೆಕ್ಕೆ ಸೊಟ್ಟಗಾಗಿಸುವ ವೈರಸ್ ಹೆಚ್ಚುತ್ತದೆ ಎಂದು ತೋರಿಸಿದರು. ಅಂದರೆ ಕೀಟನಾಶಕ ಜೇನನ್ನು ನೇರವಾಗಿ ಕೊಲ್ಲದಷ್ಟು ಕಡಿಮೆ ಪ್ರಮಾಣದಲ್ಲಿದ್ದರೂ, ಸದ್ದಿಲ್ಲದಿದ್ದ ವೈರಸ್ಸಿಗೆ ದಾರಿ ಮಾಡಿಕೊಡುತ್ತದೆ. ಐರೋಪ್ಯ ಒಕ್ಕೂಟ 2018ರಲ್ಲಿ ಈ ಗುಂಪಿನ ಮೂರು ಕೀಟನಾಶಕಗಳ ಬಯಲು ಬಳಕೆಯನ್ನು ನಿಷೇಧಿಸಿತು. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಜೇನನ್ನು ಹಾಳುಗೆಡವಿದ್ದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್. ಬ್ಯಾಕ್ಟೀರಿಯಾದ ಲಸಿಕೆ ಅದಕ್ಕೆ ಔಷಧವಲ್ಲ. ಅಮೆರಿಕದ ಲಸಿಕೆಯನ್ನು ನಮ್ಮ ಜೇನು ಕೃಷಿಕರಿಗೆ ಪರಿಹಾರವೆಂದು ಹೇಳುವವರು ಈ ವ್ಯತ್ಯಾಸವನ್ನು ಮರೆಯಬಾರದು.

ರೇಷ್ಮೆಯಲ್ಲಿ ವಿಷಯ ಇನ್ನೂ ಹತ್ತಿರದ್ದು. ಹುಳುಮನೆಯಲ್ಲಿ ಸೆಖೆ ಮತ್ತು ತೇವಾಂಶ ಹೆಚ್ಚಿ, ಹಿಪ್ಪುನೇರಳೆ ಸೊಪ್ಪಿನ ಗುಣಮಟ್ಟ ಕೆಟ್ಟಾಗ ಬ್ಯಾಕ್ಟೀರಿಯಾದಿಂದ ಬರುವ ಸಪ್ಪೆ ರೋಗ ಹಬ್ಬುತ್ತದೆ. ಅದನ್ನು ತರುವ ಬ್ಯಾಕ್ಟೀರಿಯಾಗಳಲ್ಲಿ ಹಲವು ಸೊಪ್ಪಿನ ಮೇಲೆ, ಕರುಳಿನಲ್ಲಿ ಮೊದಲೇ ಇರುವಂಥವು. ಹುಳುವಿನ ನಿಯಂತ್ರಣ ಸಡಿಲವಾದಾಗಲಷ್ಟೇ ರೋಗಾಣುಗಳಾಗುತ್ತವೆ. ಪೆಪ್ಟೈಡು ತಯಾರಿಸುವ ಕೊಬ್ಬಿನ ಅಂಗಾಂಶವೇ ಆಹಾರವನ್ನೂ ಕೂಡಿಡುತ್ತದೆ. ನೊಣದಲ್ಲಿ ಟೋಲ್ ಮಾರ್ಗ ಎದ್ದಾಗ ಇನ್ಸುಲಿನ್ ಸಂಕೇತ ಕುಗ್ಗಿ ಬೆಳವಣಿಗೆ ನಿಧಾನವಾಗುತ್ತದೆ ಎಂದು 2009ರಲ್ಲೇ ಗೊತ್ತಾಗಿದೆ. ಗಟ್ಟಿಮುಟ್ಟಾದ ಮೈಸೂರು ತಳಿಯ ಗೂಡಿನಲ್ಲಿ ನೂಲು ಕಡಿಮೆ, ಹೆಚ್ಚು ನೂಲು ಕೊಡುವ ದ್ವಿತಳಿ ಹುಳುಗಳಿಗೆ ಆರೈಕೆ ಹೆಚ್ಚು ಬೇಕು ಎಂಬ ರೈತರ ಅನುಭವದ ಹಿಂದೆ ಇಂಥದೇ ಹಂಚಿಕೆ ಇರಬಹುದೆಂದು ಊಹಿಸಲು ಅವಕಾಶವಿದೆ.

ಆದ್ದರಿಂದ ಹುಳುವಿನ ರೋಗನಿರೋಧ ಶಕ್ತಿ ಹೆಚ್ಚಿಸುತ್ತದೆ ಎಂದು ಹೇಳಿಕೊಂಡು ಬರುವ ಯಾವುದೇ ಪುಡಿ ಅಥವಾ ದ್ರಾವಣದ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಖಚಿತವಾಗಿವೆ: ಸೋಂಕು ಇಲ್ಲದ ಹುಳುಗಳಿಗೆ ಕೊಟ್ಟಾಗ ಗೂಡಿನ ತೂಕ ಎಷ್ಟು ಇಳಿಯಿತು, ಸೊಪ್ಪು ಕಳಪೆಯಾಗಿದ್ದಾಗ ಏನಾಯಿತು, ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಯಾವುದು ಕಡಿಮೆಯಾಗಿ ಯಾವುದು ಹೆಚ್ಚಿತು. ಈ ಉತ್ತರಗಳು ಕೈಗೆ ಸಿಗುವವರೆಗೆ ಹುಳುಮನೆಯನ್ನು ಬ್ಲೀಚಿಂಗ್ ಪುಡಿಯಿಂದ ತೊಳೆಯುವುದು, ತಟ್ಟೆಗಳ ಮೇಲೆ ಸುಣ್ಣ ಎರಚಿ ತೇವ ಹೀರಿಸುವುದು, ಸಪ್ಪೆಯಾದ ಹುಳುಗಳನ್ನು ಆರಿಸಿ ಹೂಳುವುದು, ಒಳ್ಳೆಯ ಎಲೆ ಕೊಡುವುದು, ಇವೇ ಭರವಸೆಯ ಕ್ರಮಗಳು. ಅವು ಹುಳು ನುಂಗುವ ಬ್ಯಾಕ್ಟೀರಿಯಾಗಳ ಪ್ರಮಾಣವನ್ನೇ ತಗ್ಗಿಸುವುದರಿಂದ, ಅದರ ರೋಗನಿರೋಧ ವ್ಯವಸ್ಥೆ ಪೂರ್ಣ ಎಚ್ಚರಕ್ಕೆ ಏರಬೇಕಾದ ಸಂದರ್ಭವೇ ಕಡಿಮೆಯಾಗುತ್ತದೆ, ಉಳಿದ ಶಕ್ತಿ ನೂಲಿಗೆ ಹೋಗುತ್ತದೆ.